ಮಾವನವರ ಅಭಿನಂದನೆಗೆ ನಾನು ಕತ್ತರಿ ಹಾಕಿದ್ದು

ವಿಡಿಯೋ ತುಣುಕುಗಳನ್ನು ಜೋಡಿಸುವುದು ಎಂದರೆ ಏನು ಮಹಾ? ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿದರೆ ಮುಗಿಯಿತು! ಅಷ್ಟಕ್ಕೆ ಸ್ಟುಡಿಯೋದವನ ಬಾಗಿಲು ತಟ್ಟಬೇಕೇ? ಹೀಗೆಂದು ನಾನು ಎದೆ ತಟ್ಟಿಕೊಂಡಾಗ ನನ್ನಾಕೆ ಇಸ್ತ್ರಿ ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಹೋದ ವರ್ಷ ನಾನು ನಲ್ಲಿ ರಿಪೇರಿಗೆ ಕೈ ಹಾಕಿದಾಗಲೂ ಹೀಗೇ ನೋಡಿದ್ದಳು.

"ಇದು ನಮ್ಮಪ್ಪನ ವಿಷಯ ರೀ. ಹುಡುಗಾಟ ಬೇಡ," ಎಂದಳು.

ಹುಡುಗಾಟದ ವಿಷಯವಲ್ಲ ಎಂದು ನನಗೂ ಗೊತ್ತಿತ್ತು. ನನ್ನ ಮಾವ ದರ್ಜಿ. ನಲವತ್ತೆರಡು ವರ್ಷ ಊರಿಗೆಲ್ಲ ಹೊಲಿದವರು, ಈಗ ಎಲ್ಲರೂ ರೆಡಿಮೇಡ್ ತೊಡುತ್ತಾರೆ, ನನ್ನ ಕೆಲಸ ಯಾರಿಗೂ ಬೇಕಿಲ್ಲ ಎಂದು ಮೂರು ತಿಂಗಳ ಹಿಂದೆ ಅಂಗಡಿ ಮುಚ್ಚಿದರು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಊಟಕ್ಕೆ ಕರೆದರೆ 'ಹೂಂ'. ಮಳೆ ಬರುತ್ತಿದೆ ಎಂದರೂ 'ಹೂಂ'. ಅವರ ಬಾಯಿಂದ ಎರಡನೆಯ ಅಕ್ಷರ ಹೊರಡಿಸಲು ಮಗಳು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಅಪ್ಪ ಹೊಲಿದ ಬಟ್ಟೆ ಹಾಕಿಕೊಂಡು ಅವರ ಬಗ್ಗೆ ಒಂದೆರಡು ನಿಮಿಷ ಮಾತಾಡಿ ವಿಡಿಯೋ ಕಳಿಸಿ ಎಂದು ಕೇಳಿಕೊಂಡಳು. ಇಪ್ಪತ್ತು ಜನ ಕಳಿಸಿದರು. ಒಬ್ಬೊಬ್ಬರ ಮಾತೂ ಕಣ್ಣಲ್ಲಿ ನೀರು ತರಿಸುವಂತಿತ್ತು. ಅದನ್ನೆಲ್ಲ ಒಂದು ಮಾಡುವ ಮಹಾಕಾರ್ಯ ನನ್ನ ಹೆಗಲೇರಿತು, ಅಂದರೆ ನಾನೇ ಏರಿಸಿಕೊಂಡೆ.

ಶನಿವಾರ ಬೆಳಿಗ್ಗೆ ಫೋನಿಗೆ ವಿಡಿಯೋ ಜೋಡಿಸುವ ಒಂದು ಆ್ಯಪ್ ಇಳಿಸಿಕೊಂಡು ಕೂತೆ. ಎಲ್ಲ ತುಣುಕುಗಳಲ್ಲೂ ಒಂದೇ ದೋಷ. ಮಾತಿಗೆ ಮೊದಲು ಹತ್ತು ಹದಿನೈದು ಸೆಕೆಂಡು ಬರೀ ಸಿದ್ಧತೆ: ಫೋನನ್ನು ಡಬ್ಬಿಗೆ ಒರಗಿಸುವುದು, ಹಿಂದೆ ಸರಿಯುವುದು, ಕಾಲರ್ ಎಳೆದುಕೊಳ್ಳುವುದು, ಕೆಮ್ಮುವುದು. ಈ ಜೊಳ್ಳನ್ನು ತೆಗೆಯಲು ಆ್ಯಪಿನಲ್ಲಿ ಕತ್ತರಿಯ ಚಿತ್ರವಿತ್ತು. ಒತ್ತಿದರೆ ಒಂದು ಹಳದಿ ಚೌಕಟ್ಟು ಬಂತು. ಬೇಡದ್ದನ್ನು ಚೌಕಟ್ಟಿನೊಳಗೆ ಹಿಡಿದು ಕತ್ತರಿಸುವುದು ಎಂದು ಯಾರೂ ಹೇಳಿಕೊಡದೆ ಅರ್ಥಮಾಡಿಕೊಂಡೆ. ಇಪ್ಪತ್ತು ಜನರ ಕೆಮ್ಮು, ಕಾಲರುಗಳನ್ನು ಒಂದೊಂದಾಗಿ ಚೌಕಟ್ಟಿಗೆ ಹಾಕಿ ಸರಕ್ ಸರಕ್ ಎಂದು ಒತ್ತುತ್ತಾ ಹೋದೆ.

ಅಷ್ಟರಲ್ಲಿ ಫೋನು ತನ್ನ ಹೊಟ್ಟೆ ತುಂಬಿದೆ ಎಂದು ಗೊಣಗಿತು. ಮೂಲ ತುಣುಕುಗಳನ್ನು ಇನ್ನೇಕೆ ಇಟ್ಟುಕೊಳ್ಳುವುದು ಎಂದು ಎಲ್ಲವನ್ನೂ ಅಳಿಸಿ ಕೈ ತೊಳೆದುಕೊಂಡೆ. ಎಲ್ಲ ಜೋಡಿಸಿದ ಮೇಲೆ ನೋಡಿದರೆ ಒಟ್ಟು ಹನ್ನೊಂದೇ ನಿಮಿಷ! ಎಷ್ಟು ಬಿಗಿಯಾಗಿ ಬಂದಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಒಂದು ಸಲ ಹಾಕಿ ನೋಡಬಾರದೇ ಎಂದು ನನ್ನಾಕೆ ಕೇಳಿದಳು. ಮಾಡಿದವನಿಗೆ ಗೊತ್ತಿರುವುದಿಲ್ಲವೇ ಎಂದು ಬಾಯಿ ಮುಚ್ಚಿಸಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾವನವರ ಕುರ್ಚಿಯನ್ನು ಟಿವಿ ಕಡೆ ತಿರುಗಿಸಿದೆವು. ಅತ್ತೆ, ನನ್ನಾಕೆ ಅಕ್ಕಪಕ್ಕ ಕೂತರು. ನಾನು ನಿಂತೇ ಇದ್ದೆ, ಚಪ್ಪಾಳೆ ಬಿದ್ದರೆ ತಲೆಬಾಗಲು ಅನುಕೂಲವಾಗಲೆಂದು.

ಮೊದಲು ಹಲ್ಲಿನ ಡಾಕ್ಟರು ಬಂದರು. ಫೋನು ಒರಗಿಸಿದರು, ಹಿಂದೆ ಸರಿದರು, ಕೋಟಿನ ಭುಜ ಎತ್ತಿಕೊಂಡರು, ಮತ್ತೆ ಎತ್ತಿಕೊಂಡರು, "ನಮ" ಎಂದರು. ಮಾಯವಾದರು. ಆಮೇಲೆ ಬಸ್ ಕಂಡಕ್ಟರು. ತೋಳು ಎಳೆದುಕೊಂಡರು, ಕೆಮ್ಮಿದರು, ಆನ್ ಆಗಿದೆಯಾ ಎಂದು ಯಾರನ್ನೋ ಕೇಳಿದರು. ಹೋದರು. ಮೂರನೆಯವರು ಸಂಗೀತದ ಮೇಷ್ಟ್ರು. ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು, ಅಷ್ಟೆ.

ಆಗ ನನಗೆ ಹೊಳೆಯಿತು. ಚೌಕಟ್ಟಿನೊಳಗೆ ಹಿಡಿದದ್ದು ಉಳಿದಿತ್ತು, ಹೊರಗಿದ್ದದ್ದು ಹೋಗಿತ್ತು. ಕಾಳನ್ನೆಲ್ಲ ತೂರಿ ಹೊಟ್ಟನ್ನು ಜೋಪಾನವಾಗಿ ಮೂಟೆ ಕಟ್ಟಿದ್ದೆ!

"ಇಪ್ಪತ್ತು ಜನ ಅಷ್ಟೊಂದು ಮಾತಾಡಿದ್ರು," ಎಂದಳು ನನ್ನಾಕೆ ತಣ್ಣಗೆ. "ಒಬ್ಬರ ಮಾತೂ ಉಳಿಸಲಿಲ್ಲ ನೀವು."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಟಿವಿ ಆರಿಸಲು ರಿಮೋಟ್ ಎತ್ತಿಕೊಂಡೆ.

"ಹಿಂದಕ್ಕೆ ಹಾಕಿ," ಎಂದರು ಮಾವ.

ಮೂರು ತಿಂಗಳಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಹಿಂದಕ್ಕೆ ಹಾಕಿದೆ.

"ಡಾಕ್ಟರು ಇಳಿದುಹೋಗಿದ್ದಾರೆ ನೋಡಿ. ಭುಜ ನಿಲ್ತಾನೇ ಇಲ್ಲ, ಒಳಗೆ ಹಿಡೀಬೇಕು. ಮುಂದೆ ಹಾಕಿ... ನಿಲ್ಸಿ, ನಿಲ್ಸಿ. ಮೇಷ್ಟ್ರಿಗೆ ಕಾಲರ್ ಬಿಗಿ. ಹತ್ತು ವರ್ಷದಿಂದ ಹೇಳಲೇ ಇಲ್ಲವಲ್ಲ ಈ ಪುಣ್ಯಾತ್ಮ!"

ಅಂಗಡಿಗೆ ಬಂದಾಗಲೆಲ್ಲ ಚೆನ್ನಾಗಿದೆ ಸ್ವಾಮಿ, ಚೆನ್ನಾಗಿದೆ ಎಂದು ಹೊಗಳಿ ಹೋದವರು, ಕ್ಯಾಮೆರಾ ಮುಂದೆ ಯಾರೂ ನೋಡುತ್ತಿಲ್ಲವೆಂದುಕೊಂಡು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತೋರಿಸಿಬಿಟ್ಟಿದ್ದರು. ಮಾವ ಪೆನ್ಸಿಲ್ ಕೇಳಿದರು. ಕಾಗದ ಸಿಗದೆ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆದುಕೊಂಡರು. ನಾಲ್ಕು ನಿಮಿಷದ ದೃಶ್ಯ ಒಂದು ಗಂಟೆ ನಡೆಯಿತು. ಇವರನ್ನೆಲ್ಲ ಈ ವಾರವೇ ಬರಹೇಳು ಎಂದು ಮಗಳಿಗೆ ಆಜ್ಞೆಯಾಯಿತು. ಅವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅತ್ತೆ ನನ್ನ ಕಡೆ ಎಂಥ ಜಾಣ ಅಳಿಯ ಎಂಬಂತೆ ನೋಡಿದರು. ನಾನೂ ಇದೆಲ್ಲ ಬೇಕೆಂದೇ ಮಾಡಿದವನ ಗತ್ತಿನಲ್ಲಿ ಮೀಸೆಯ ಮೇಲೆ ಕೈಯಾಡಿಸಿದೆ.

ಇಪ್ಪತ್ತೊಂದನೆಯದಾಗಿ ತೆರೆಯ ಮೇಲೆ ನಾನೇ ಬಂದೆ. ಕೊನೆಯಲ್ಲಿ ಇರಲೆಂದು ನನ್ನ ಅಭಿನಂದನಾ ಭಾಷಣವನ್ನೂ ಸೇರಿಸಿದ್ದೆ. ಏಳು ನಿಮಿಷ. ಅದಕ್ಕೆ ಮಾತ್ರ ಚೌಕಟ್ಟು ಮುಟ್ಟಿಸಿರಲಿಲ್ಲ. ಅಂಥ ಮುತ್ತಿನಂಥ ಮಾತುಗಳಲ್ಲಿ ಎಲ್ಲೆಂದು ಕತ್ತರಿಸುವುದು?

ಎರಡು ನಿಮಿಷ ಕೇಳಿ ಮಾವ ಎದ್ದರು. ಒಳಗೆ ಹೋಗಿ ಅಳತೆಯ ಟೇಪು ಹುಡುಕಿ ತಂದರು, ಕನ್ನಡಕ ಒರೆಸಿಕೊಂಡರು, ಅತ್ತೆ ಕೊಟ್ಟ ಕಾಫಿ ಕುಡಿದು ಮುಗಿಸಿದರು. ತೆರೆಯ ಮೇಲೆ ನಾನಿನ್ನೂ ಅವರ ಬಾಲ್ಯವನ್ನೇ ವರ್ಣಿಸುತ್ತಿದ್ದೆ.

ಮಾವ ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ಇಪ್ಪತ್ತು ಜನರಿಗೆ ಅಷ್ಟು ಚೆನ್ನಾಗಿ ಕತ್ತರಿ ಆಡಿಸಿದಿರಿ. ಇದರ ಹೊತ್ತಿಗೆ ಮೊಂಡಾಗಿಹೋಯ್ತಾ?"