ಕ್ಯಾಪ್ಟನ್ ಹುಡುಗಿಯ ಕಾಲು, ಊರಿಗೆಲ್ಲ ನೋವು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಕುಂಟುತ್ತಲೋ ಕೆಮ್ಮುತ್ತಲೋ ತಾನಾಗಿಯೇ ಬಾಗಿಲಿಗೆ ಬರುತ್ತದೆ. ನಾನು ಶಿರಂಗಾಲದ ಕಡೆಯವಳು. ಬ್ರಿಟಿಷರ ಕಾಲದಲ್ಲಿ, ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಮಡಿಕೇರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಆಗ ಕೊಡಗಿನಲ್ಲಿ ಕಾಲೇಜು ಇರಲಿಲ್ಲ. ಹೈಸ್ಕೂಲಿನ ಹೆಣ್ಣುಮಕ್ಕಳು ಲಂಗ ಎತ್ತಿ ಸಿಕ್ಕಿಸಿಕೊಂಡು ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಮೊದಮೊದಲು ಕಂಬಕ್ಕೆ ಕಟ್ಟಿದ್ದು ತಳ ಕಿತ್ತ ಕಿತ್ತಳೆ ಬುಟ್ಟಿ. "ತಳ ಇಲ್ಲದ ಬುಟ್ಟಿಗೆ ಎಷ್ಟು ಹಾಕಿದರೆ ತುಂಬುತ್ತೆ?" ಎಂದು ಊರಿನ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು.

ಒಂದು ರಜೆಯಲ್ಲಿ ಮೈಸೂರು ಕಡೆಯಿಂದ ಪ್ರವಾಸ ಬಂದಿದ್ದ ಕಾಲೇಜು ಹುಡುಗಿಯರ ತಂಡವನ್ನು ನಮ್ಮವರು ಸೋಲಿಸಿಬಿಟ್ಟರು. ಆ ಸಂಜೆಯಿಂದ ಊರು ನಗುವುದನ್ನು ಬಿಟ್ಟು ಚಡಪಡಿಸತೊಡಗಿತು. ಯಾಕೆಂದರೆ ಗೆಲುವಿನ ಜೊತೆಗೇ ಏಟೂ ಬಿದ್ದಿತ್ತು. ಕ್ಯಾಪ್ಟನ್ ಹುಡುಗಿ ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು. ಅವಳ ಎಡಗಾಲಿನ ಗಿಣ್ಣು ಉಳುಕಿತ್ತು. ತಂಡದಲ್ಲೆಲ್ಲ ಉದ್ದನೆಯವಳು ದೇವಸ್ಥಾನದ ಭಟ್ಟರ ಮಗಳು. ಅವಳ ಬಲಗೈ ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಕಾಲೇಜಿನವರು ಹೊರಡುವಾಗ, "ಮುಂದಿನ ತಿಂಗಳು ಇನ್ನೊಂದು ಆಟ ಆಗಲಿ. ಆಗ ನೋಡೋಣ," ಎಂದು ಹೇಳಿ ಹೋಗಿದ್ದರು. ಅಷ್ಟರಲ್ಲಿ ಇವರಿಬ್ಬರೂ ವಾಸಿಯಾಗುತ್ತಾರಾ? ಊರಿಗೆಲ್ಲ ಇದೊಂದೇ ಪ್ರಶ್ನೆ. ಅದರ ಉತ್ತರ ನನ್ನ ಹತ್ತಿರ ಇದೆ ಎಂದು ಊರವರೇ ತೀರ್ಮಾನ ಮಾಡಿಕೊಂಡಿದ್ದರು.

ಹೊಟ್ಟೆನೋವು

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಕಾಯಿಲೆ ಬಿದ್ದಾಗಲೂ ಬಾರದವರೆಲ್ಲ ಬಂದು ಕೂತಿದ್ದಾರೆ. ಎಲ್ಲರ ಕಣ್ಣೂ ಹೆಂಗಸರ ವಾರ್ಡಿನ ಬಾಗಿಲ ಮೇಲೆ. ಒಳಗೆ ಕ್ಯಾಪ್ಟನ್ ಹುಡುಗಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿದ್ದಳು.

ಮೊದಲು ಒಳಗೆ ಬಂದವರು ನಮ್ಮ ಪೋಸ್ಟ್‌ಮಾಸ್ಟರು. ಮುಖ ಕಿವುಚಿಕೊಂಡು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದರು. ಡಾಕ್ಟರು ಅವರನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿದರು.

"ಇಲ್ಲಿ ನೋವಾ?"

"ಇಲ್ಲ."

"ಇಲ್ಲಿ?"

"ಅಲ್ಲೂ ಇಲ್ಲ."

"ಮತ್ತೆ ಎಲ್ಲಿ ಸ್ವಾಮಿ ನೋವು?"

ಪೋಸ್ಟ್‌ಮಾಸ್ಟರು ತಲೆ ಎತ್ತಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಎಡಗಾಲಿನ ಗಿಣ್ಣಿನ ಹತ್ತಿರವಂತೆ. ಆಡೋಕಾಗುತ್ತಾ ಡಾಕ್ಟರೇ?"

ನಮ್ಮ ಡಾಕ್ಟರು ಸಿಟ್ಟು ಬಂದರೆ ಬೈಯುವವರಲ್ಲ, ಔಷಧಿ ಕೊಡುವವರು. ಒಂದು ದೊಡ್ಡ ಲೋಟದ ತುಂಬ ಹರಳೆಣ್ಣೆ ತರಿಸಿ, ತಮ್ಮ ಎದುರಿನಲ್ಲೇ ಕುಡಿಸಿದರು. ಹೊಟ್ಟೆನೋವಿಗೆ ಇದೇ ಮದ್ದು ಎಂದು ಜಗಲಿಯವರೆಗೂ ಕೇಳುವ ಹಾಗೆ ಹೇಳಿದರು. ಕ್ಷಣದಲ್ಲಿ ಜಗಲಿ ಖಾಲಿ.

ಮರುದಿನ ಹೊಟ್ಟೆನೋವು ಎಂದವರು ಒಬ್ಬರೂ ಇಲ್ಲ. ಎಲ್ಲರಿಗೂ ತಲೆನೋವು.

ಒರಳು

ಭಟ್ಟರ ಮಗಳ ಬೆರಳಿಗೆ ಬಿದಿರಿನ ಚಕ್ಕೆ ಇಟ್ಟು ಪಟ್ಟಿ ಕಟ್ಟಿದ್ದೆವು. ನೀರು ಸೋಕಬಾರದು, ಭಾರ ಎತ್ತಬಾರದು ಎಂದು ಹೇಳಿ ಮನೆಗೆ ಕಳಿಸಿದ್ದೆವು. ಒಂದು ಸಂಜೆ ಪಟ್ಟಿ ಬದಲಿಸಲು ಅವರ ಮನೆಗೆ ಹೋದೆ. ಹಿತ್ತಲಿನಿಂದ ಗಡಗಡ ಸದ್ದು ಬರುತ್ತಿತ್ತು. ಇಣುಕಿದರೆ, ಭಟ್ಟರು ಪಂಚೆ ಮೇಲಕ್ಕೆ ಕಟ್ಟಿ, ಬೆವರು ಸುರಿಸುತ್ತ, ಒರಳಿನ ಮುಂದೆ ಕೂತು ದೋಸೆಗೆ ಅಕ್ಕಿ ರುಬ್ಬುತ್ತಿದ್ದಾರೆ. ಮಗಳು ಪಕ್ಕದಲ್ಲಿ ಮಣೆ ಹಾಕಿಕೊಂಡು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ಇನ್ನೂ ನುಣ್ಣಗಾಗಬೇಕು ಅಪ್ಪಯ್ಯ," ಎನ್ನುತ್ತಿದ್ದಾಳೆ.

"ಏನು ಭಟ್ಟರೇ ಇದು?" ಅಂದೆ.

"ಇವಳ ಅಮ್ಮನಿಗೆ ಸೊಂಟನೋವು. ಇವಳು ರುಬ್ಬಿದರೆ ಬೆರಳು ಹೋಯಿತು. ಬೆರಳು ಹೋದರೆ ಆಟ ಹೋಯಿತು. ಮತ್ತೆ ಯಾರು ರುಬ್ಬಬೇಕು, ನೀವೇ ಹೇಳಿ," ಎಂದರು. ಮೊದಲು ಇದೇ ಭಟ್ಟರು, ಹೆಣ್ಣುಮಗಳು ಮೈದಾನದಲ್ಲಿ ಚೆಂಡಿನ ಹಿಂದೆ ಓಡುವುದಾ ಎಂದು ಹೆಡ್‌ಮಿಸ್ಟ್ರೆಸ್ಸರ ಹತ್ತಿರ ಜಗಳಕ್ಕೆ ಹೋಗಿದ್ದವರು. ಮಗಳು ಗೆದ್ದು ಬಂದ ಮೇಲೆ ದೇವಸ್ಥಾನಕ್ಕೆ ಬಂದವರಿಗೆಲ್ಲ ತೀರ್ಥ ಕೊಡುವ ಮೊದಲು ಆಟದ ಕಥೆ ಕೊಡುತ್ತಿದ್ದರು.

ನಾನು ಬೆರಳು ನೋಡಿದೆ. ಊತ ಇಳಿದಿತ್ತು. "ಇನ್ನು ಪಟ್ಟಿ ಬೇಡ. ಮೆಲ್ಲಗೆ ಆಡಿಸಲಿ," ಅಂದೆ. ಭಟ್ಟರು ಎರಡೂ ಕೈ ಎತ್ತಿ ದೇವರಿಗೆ ನಮಸ್ಕಾರ ಮಾಡಿದರು.

ನಾನು ಹೊರಟಾಗ ಭಟ್ಟರ ಹೆಂಡತಿ ಬಾಗಿಲವರೆಗೂ ಬಂದರು. ಸೊಂಟನೋವಿನವರು ನಡೆಯುವ ನಡಿಗೆ ಅದಾಗಿರಲಿಲ್ಲ. ನನ್ನ ಕೈಗೆ ಕುಂಕುಮ, ಎಲೆ ಅಡಿಕೆ ಕೊಟ್ಟು, ಹಿತ್ತಲ ಕಡೆ ಒಮ್ಮೆ ತಿರುಗಿ ನೋಡಿ, ಪಿಸುಗುಟ್ಟಿದರು.

"ನರ್ಸಮ್ಮ, ಮದುವೆಯಾದಾಗಿನಿಂದ ಇವರು ಒರಳು ಮುಟ್ಟಿದ್ದು ಇದೇ ಮೊದಲು. ಪಟ್ಟಿ ಇನ್ನೊಂದು ವಾರ ಇರಲಿ."

ವಾರ್ಡಿನಲ್ಲಿ

ಬೆರಳಿನವಳು ಸಾಧು. ಕಾಲಿನವಳು ಹಾಗಲ್ಲ. ಕ್ಯಾಪ್ಟನ್ ಹುಡುಗಿಯನ್ನು ಮಂಚದ ಮೇಲೆ ಮಲಗಿಸುವುದೂ ಒಂದೇ, ಕರುವನ್ನು ತೊಟ್ಟಿಲಲ್ಲಿ ಮಲಗಿಸುವುದೂ ಒಂದೇ. "ಅಕ್ಕಾ, ಎದ್ದು ನಿಲ್ಲಲಾ? ಅಕ್ಕಾ, ಒಂದು ಹೆಜ್ಜೆ ಇಡಲಾ?" ಇಡೀ ದಿನ ಇದೇ. ನಾನು ಗದರಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಒಂದು ದಿನ ಅವಳ ಬೆನ್ನು ಅಲುಗುವುದು ಕಂಡಿತು. ಹತ್ತಿರ ಹೋದರೆ ಅಳುತ್ತಿದ್ದಾಳೆ. "ನಾನು ಇಲ್ಲದೆ ಅವರು ಸೋತರೆ ನನ್ನಿಂದ ಸೋತ ಹಾಗೆ. ಅವರು ಗೆದ್ದರೆ ನಾನು ಬೇಡವೇ ಬೇಡ ಅಂದ ಹಾಗೆ," ಎಂದಳು. ಅದಕ್ಕೆ ನನ್ನ ಪೆಟ್ಟಿಗೆಯಲ್ಲಿ ಯಾವ ಮುಲಾಮೂ ಇರಲಿಲ್ಲ. ತಲೆ ನೇವರಿಸಿ ಬಂದೆ.

ಅವಳೇ ಒಂದು ಮದ್ದು ಕಂಡುಕೊಂಡಳು. ಒಗೆದು ಸುತ್ತಿಟ್ಟ ಬ್ಯಾಂಡೇಜ್ ಉಂಡೆಗಳನ್ನು ಮಂಚದ ಮೇಲಿನಿಂದಲೇ ಎದುರು ಗೋಡೆಯ ಮೊಳೆಗೆ ನೇತುಹಾಕಿದ್ದ ಬಕೆಟ್ಟಿಗೆ ಎಸೆಯುವುದು! ಒಂದೂ ತಪ್ಪುತ್ತಿರಲಿಲ್ಲ. ವಾರ್ಡಿನವರಿಗೆಲ್ಲ ಇದೇ ಹುಚ್ಚು ಹಿಡಿಯಿತು. ಮಲೇರಿಯಾದ ಅಜ್ಜಿ ಚಳಿಯಲ್ಲಿ ನಡುಗುತ್ತಲೇ ಚಪ್ಪಾಳೆ ತಟ್ಟುತ್ತಿದ್ದಳು. ಬಾಣಂತಿಯೊಬ್ಬಳು ಮಗುವಿಗೆ ಹಾಲು ಕೊಡುತ್ತಲೇ, "ಇನ್ನೊಂದು, ಇನ್ನೊಂದು!" ಎನ್ನುತ್ತಿದ್ದಳು.

ಹೀಗೆ ಎಸೆಯುತ್ತಿರುವಾಗಲೇ ಒಂದು ದಿನ ಡಾಕ್ಟರು ಒಳಗೆ ಬಂದರು. ತಲೆಯ ಮೇಲಿನ ಟೋಪಿ ತೆಗೆದು ಬಾಯಿ ಮೇಲಾಗಿ ಹಿಡಿದುಕೊಂಡಿದ್ದರು. ಹುಡುಗಿ ಎಸೆದ ಉಂಡೆ ಬಕೆಟ್ಟಿನ ಅಂಚಿಗೆ ತಾಗಿ, ಪುಟಿದು, ನೇರವಾಗಿ ಡಾಕ್ಟರ ಟೋಪಿಯೊಳಗೆ! ಯುದ್ಧದ ಕಾಲ, ಬ್ಯಾಂಡೇಜಿಗೆ ಬರ. ಈಗ ಬಂತು ನನ್ನ ಕೆಲಸಕ್ಕೆ ಸಂಚಕಾರ ಎಂದುಕೊಂಡೆ.

ಡಾಕ್ಟರು ಟೋಪಿಯಿಂದ ಉಂಡೆ ತೆಗೆದರು. ಬಕೆಟ್ಟನ್ನು ಒಮ್ಮೆ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಎಸೆದರು. ಉಂಡೆ ಬಕೆಟ್ಟಿನ ಆಚೆ ಹೋಗಿ ಅಜ್ಜಿಯ ಗಂಜಿಯಲ್ಲಿ ಮುಳುಗಿತು.

ಅವತ್ತಿನಿಂದ ಡಾಕ್ಟರು ಹೆಂಗಸರ ವಾರ್ಡಿಗೆ ದಿನಕ್ಕೆ ಎರಡು ಸಲ ರೌಂಡ್ಸ್ ಬರತೊಡಗಿದರು.

ಬಸ್ಸು

ಎರಡನೆಯ ಆಟ ಕುಶಾಲನಗರದಲ್ಲಿ. ಫ್ರೇಸರ್‌ಪೇಟೆ ಎಂದು ಕರೆಯುತ್ತಿದ್ದ ಕಾಲ ಅದು. ಅವರೂ ಒಂದಷ್ಟು ದೂರ ಬರಲಿ, ನಾವೂ ಒಂದಷ್ಟು ದೂರ ಹೋಗೋಣ ಎಂದು ಒಪ್ಪಂದವಾಗಿತ್ತು. ಡಾಕ್ಟರು ನನ್ನನ್ನೂ ಔಷಧಿ ಪೆಟ್ಟಿಗೆಯ ಜೊತೆ ಕಳಿಸಿದರು. "ಕ್ಯಾಪ್ಟನ್ ಆಡಬೇಕೋ ಬೇಡವೋ ಅಲ್ಲೇ ನೋಡಿ ಹೇಳು. ಜವಾಬ್ದಾರಿ ನಿನ್ನದು," ಎಂದರು.

ಪೆಟ್ರೋಲಿಗೆ ತತ್ವಾರ. ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎಂದರೆ ಸುಳ್ಳು, ಕೆಮ್ಮುತ್ತಿತ್ತು. ಸುಂಟಿಕೊಪ್ಪ ಇನ್ನೂ ಸಿಗುವ ಮೊದಲೇ ಒಂದು ಏರಿನಲ್ಲಿ ನಿಂತುಬಿಟ್ಟಿತು. "ಎಲ್ಲರೂ ಇಳಿದು ತಳ್ಳಬೇಕು!" ಎಂದ ಡ್ರೈವರು.

ಆಗ ಎದ್ದು ನಿಂತವರು ಸುಬೇದಾರ್ ಮಾಮ. ಪಟಾಲಮ್ಮಿನಿಂದ ನಿವೃತ್ತರಾಗಿ ಬಂದ ಕೊಡವ ಹಿರಿಯರು. ಮೀಸೆಯ ತುದಿಯವರೆಗೂ ಶಿಸ್ತು. "ಆಟದ ಹುಡುಗಿಯರು ಯಾರೂ ಇಳಿಯಬಾರದು! ನರ್ಸಮ್ಮನೂ ಬೇಡ, ಆ ಕಾಲು ಹಿಡಿದುಕೊಂಡು ಕೂರಲಿ. ಬಾಕಿಯವರೆಲ್ಲ ಹಿಂದೆ!" ಎಂದು ಹುಕುಂ ಮಾಡಿದರು. ಪೋಸ್ಟ್‌ಮಾಸ್ಟರು, ಭಟ್ಟರು, ಎಸ್ಟೇಟಿನ ಕಾಫಿ ಪಿಕ್ಕಿಂಗ್ ಬಿಟ್ಟು ಬಂದಿದ್ದ ಕ್ಯಾಪ್ಟನ್ ಹುಡುಗಿಯ ಅಪ್ಪ, ಎಲ್ಲರೂ ಇಳಿದರು. ಮಾಮ ರಸ್ತೆ ಬದಿಯಲ್ಲಿ ನಿಂತು "ಲೆಫ್ಟ್! ರೈಟ್!" ಕೂಗಿದರು. ಇವರು ತಳ್ಳಿದರು. ಬಸ್ಸು ಏರಿನ ತುದಿ ಮುಟ್ಟಿ, ಒಮ್ಮೆ ಜೋರಾಗಿ ಕೆಮ್ಮಿ, ಸ್ಟಾರ್ಟ್ ಆಗಿ, ಇಳಿಜಾರಿನಲ್ಲಿ ಬಿಟ್ಟ ಬಾಣದ ಹಾಗೆ ಹೊರಟೇಬಿಟ್ಟಿತು.

ಹಿಂದಿನ ಕಿಟಕಿಯಿಂದ ನೋಡಿದೆ. ಭಟ್ಟರು ಪಂಚೆ ಹಿಡಿದುಕೊಂಡು ಓಡುತ್ತಿದ್ದಾರೆ, ಅವರ ಹಿಂದೆ ಪೋಸ್ಟ್‌ಮಾಸ್ಟರು, ಎಲ್ಲರ ಹಿಂದೆ ಸುಬೇದಾರ್ ಮಾಮ, ಆಗಲೂ ಹೆಜ್ಜೆ ತಪ್ಪದೆ. ನಾವು "ನಿಲ್ಲಿಸಿ, ನಿಲ್ಲಿಸಿ!" ಎಂದು ಕಿರುಚಿದೆವು. ಇಂಜಿನ್ನಿನ ಸದ್ದಿನಲ್ಲಿ ಡ್ರೈವರಿಗೆ ಕೇಳಲೇ ಇಲ್ಲ. ಬಹಳ ದೂರ ಹೋದ ಮೇಲೆ ತಾನಾಗಿಯೇ ಬ್ರೇಕ್ ಹಾಕಿ ಹಿಂದಕ್ಕೆ ತಿರುಗಿದ.

"ಏನಮ್ಮ, ನನ್ನ ಡ್ರೈವಿಂಗಿಗೆ ಯಾರೂ ಬುದ್ಧಿ ಹೇಳ್ತಾನೇ ಇಲ್ಲ! ಯಾಕೋ ಹೆದರಿಕೆ ಆಯ್ತು, ನಿಲ್ಲಿಸಿದೆ."

ಬಿತ್ತಾ?

ಫ್ರೇಸರ್‌ಪೇಟೆಯ ಮೈದಾನದಲ್ಲಿ ಜನವೋ ಜನ. ನಮ್ಮ ಊರಿನವರು ಚೆನ್ನಾಗಿ ಕಾಣಲಿ ಎಂದು ಯಾರೋ ಖಾಲಿ ಪೀಪಾಯಿಗಳ ಮೇಲೆ ಒಂದು ಉದ್ದನೆಯ ಹಲಗೆ ಹಾಕಿಕೊಟ್ಟಿದ್ದರು. ಅದರ ಮೇಲೆ ನಮ್ಮ ಹಿರಿಯರೆಲ್ಲ ಸಾಲಾಗಿ ಕೂತರು. ಕ್ಯಾಪ್ಟನ್ ಹುಡುಗಿ ನನ್ನ ಪಕ್ಕದಲ್ಲಿ, ನೆಲದ ಮೇಲೆ, ಉಗುರು ಕಚ್ಚುತ್ತ.

ಆಟ ಶುರುವಾಯಿತು. ನಮ್ಮವರು ಒಂದು ಹಾಕಿದರೆ ಅವರು ಒಂದು. ಭಟ್ಟರ ಮಗಳು ಪುಣ್ಯಾತ್ಗಿತ್ತಿ, ಆ ಬೆರಳಿನಲ್ಲೇ ಚೆಂಡು ತಡೆದು ತಡೆದು ನಿಲ್ಲಿಸಿದಳು. ಆದರೆ ಹಲಗೆಯ ಮೇಲಿದ್ದವರು ಆಟ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. "ಬಿಡಿ ನರ್ಸಮ್ಮ, ಅವಳನ್ನು ಬಿಡಿ!" "ಬೇಡ, ಕಾಲು ಹೋದರೆ?" "ಬಿಡಿ ಅಂದೆ!" ಅವರವರಲ್ಲೇ ಜಗಳ. ಕ್ಯಾಪ್ಟನ್ ಹುಡುಗಿ ಸುಮ್ಮನೆ ಕಾಲು ಮುಂದೆ ಚಾಚಿದಳು. ನಾನು ಗಿಣ್ಣು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಅವಳು ಮುಖ ಕಿವುಚಲಿಲ್ಲ. ಗಟ್ಟಿಯಾಗಿ ಪಟ್ಟಿ ಸುತ್ತಿ, ಮನೆದೇವರನ್ನು ನೆನೆದು, "ಹೋಗು. ಓಡಬೇಡ. ನಿಂತಲ್ಲಿಂದಲೇ ಆಡು," ಅಂದೆ.

ಆಟ ಮುಗಿಯುವ ಹೊತ್ತು. ಎರಡೂ ಕಡೆ ಸಮಸಮ. ಭಟ್ಟರ ಮಗಳು ಚೆಂಡು ಎಗರಿಸಿ ಕ್ಯಾಪ್ಟನ್ ಕೈಗೆ ಕೊಟ್ಟಳು. ಅವಳು ಒಂದೇ ಕಾಲಿನ ಮೇಲೆ ನಿಂತು, ಗುರಿ ನೋಡಿ, ಎಸೆದಳು. ಚೆಂಡು ಗಾಳಿಯಲ್ಲಿ. ಹಲಗೆಯ ಮೇಲಿದ್ದವರೆಲ್ಲ ಒಟ್ಟಿಗೇ ಎದ್ದು ನಿಂತರು.

ಢಂ! ಕೋವಿ ಹಾರಿದ ಹಾಗೆ ಸದ್ದು. ಹಲಗೆ ನಡುವೆ ಮುರಿಯಿತು. ಪೀಪಾಯಿಗಳು ದಿಕ್ಕಾಪಾಲಾಗಿ ಉರುಳಿದವು. ಮೈದಾನದ ಜನರೆಲ್ಲ ಆ ಕಡೆ ತಿರುಗಿದರು. ನಾನು ತಿರುಗಿದೆ. ಸೀಟಿ ಹಿಡಿದ ರೆಫರಿಯೂ ತಿರುಗಿದರು. ನಾನು ಓಡಿ ಹೋಗಿ ನೋಡಿದರೆ, ಕಟ್ಟಿಗೆ ರಾಶಿಯ ಹಾಗೆ ಒಬ್ಬರ ಮೇಲೊಬ್ಬರು. ಎಲ್ಲಕ್ಕಿಂತ ಅಡಿಯಲ್ಲಿ ಸುಬೇದಾರ್ ಮಾಮ ಅಂಗಾತ ಬಿದ್ದಿದ್ದಾರೆ. ಅವರ ಮುಖದ ಮೇಲೆ ಭಟ್ಟರು ಪದ್ಮಾಸನ ಹಾಕಿದ ಹಾಗೆ ಕೂತಿದ್ದಾರೆ. ಭಟ್ಟರನ್ನು ಎಬ್ಬಿಸಿದೆ. ಮಾಮ ಉಸಿರೆಳೆದುಕೊಂಡು ಕೇಳಿದ ಮೊದಲ ಮಾತು:

"ಬಿತ್ತಾ?"

"ಬಿತ್ತು ಮಾಮ, ಪೂರಾ ಬಿತ್ತು. ಎರಡು ತುಂಡು."

"ಅಯ್ಯೋ, ಹಲಗೆ ಅಲ್ಲ! ಚೆಂಡು!"

ಅದು ಯಾರಿಗೆ ಗೊತ್ತು? ಚೆಂಡು ನೆಲದ ಮೇಲೆ ಉರುಳುತ್ತಿತ್ತು. ಕಂಬದ ಬಳೆಯ ಒಳಗಿಂದ ಬಿತ್ತೋ ಹೊರಗಿಂದ ಬಿತ್ತೋ ನೋಡಿದವರಿಲ್ಲ. ನಮ್ಮ ಹುಡುಗಿಯರು ಬಿತ್ತು ಎಂದರು. ನಮ್ಮವರ ಮಾತನ್ನು ನಂಬುವುದು ಹೇಗೆ ಎಂದು ರೆಫರಿ ತಲೆ ಕೆರೆದುಕೊಂಡರು. ಆಗ ಕಂಬದ ಕೆಳಗೇ ನಿಂತಿದ್ದ ಕಾಲೇಜಿನ ಕ್ಯಾಪ್ಟನ್ ಮುಂದೆ ಬಂದಳು. ಅವಳ ಕಣ್ಣು ತುಂಬಿತ್ತು. "ಬಿತ್ತು ಸಾರ್. ನಾನು ನೋಡಿದೆ," ಎಂದಳು. ನಮ್ಮ ಹುಡುಗಿ ಕುಂಟುತ್ತ ಹೋಗಿ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಯಾಕೋ ನಾನೂ ಅತ್ತೆ.

ಆ ಸಲ ಆಟದ ಹುಡುಗಿಯರಲ್ಲಿ ಒಬ್ಬಳಿಗೂ ಗಾಯವಿಲ್ಲ. ನನ್ನ ಪೆಟ್ಟಿಗೆ ಖಾಲಿಯಾದದ್ದು ನೋಡಲು ಬಂದವರಿಗೆ.

ಮಾರನೆಯ ವಾರ ಸುಬೇದಾರ್ ಮಾಮ ಮೊಣಕೈ ಗಾಯಕ್ಕೆ ಮದ್ದು ಹಾಕಿಸಿಕೊಳ್ಳಲು ಬಂದರು. ಜಗಲಿಯ ತುಂಬ ರೋಗಿಗಳು ಅವರ ಸುತ್ತ. ಮಾಮ ಒಳ್ಳೆಯ ಕೈಯನ್ನು ಗಾಳಿಯಲ್ಲಿ ಆಡಿಸುತ್ತ ವರ್ಣಿಸುತ್ತಿದ್ದರು: "ಚೆಂಡು ಹೀಗೆ ಹೋಯಿತು ನೋಡಿ. ಕಬ್ಬಿಣದ ಬಳೆಯ ಮೇಲೆ ಎರಡು ಸುತ್ತು ಸುತ್ತಿತು. ಬೀಳಲಾ ಬೇಡವಾ ಅಂತ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಒಳಗೆ ಇಳಿಯಿತು. ನಾನು ಕಣ್ಣಾರೆ ನೋಡಿದ್ದೇನೆ!"

ನನಗೆ ತಡೆಯಲಾಗಲಿಲ್ಲ. "ಮಾಮ, ಆಗ ನೀವು ಅಂಗಾತ ಬಿದ್ದಿದ್ದಿರಿ. ಭಟ್ಟರು ನಿಮ್ಮ ಮುಖದ ಮೇಲೆ ಕೂತಿದ್ದರು. ಎಬ್ಬಿಸಿದವಳೇ ನಾನು. ನಿಮಗೆ ಹೇಗೆ ಕಾಣಿಸಿತು?"

ಮಾಮ ರೆಪ್ಪೆ ಕೂಡ ಮಿಟುಕಿಸಲಿಲ್ಲ.

"ಭಟ್ಟರ ಪಂಚೆ ತೆಳು, ನರ್ಸಮ್ಮ."