ಗುಂಡ ಯಾರನ್ನೂ ಹೋಗಗೊಡುವುದಿಲ್ಲ

ಸಂತೋಷದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಂಭೀರವಾಗಿ ಕೂರುವವರನ್ನು ಕಂಡರೆ ನನಗೆ ಆಶ್ಚರ್ಯ. ನನ್ನ ಕೈಲಿ ಅದು ಆಗುವ ಮಾತಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಗುಂಡನಿಗೆ ಮನೆ ಸಿಕ್ಕಿತು! ಹೌದು, ಗುಂಡನಿಗೇ! ಬೆಳಿಗ್ಗೆಯಿಂದ ಹಾಲಿನವನಿಗೆ, ಇಸ್ತ್ರಿಯವನಿಗೆ, ರಾಂಗ್ ನಂಬರ್ ಒತ್ತಿದ ಯಾರೋ ಪುಣ್ಯಾತ್ಮನಿಗೆ ಕೂಡ ಹೇಳಿದ್ದಾಯಿತು. ಗುಂಡ ಯಾರೆಂದು ಅವರಿಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇರಿ, ಹೇಳುತ್ತೇನೆ.

ನಾನು ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಭಾನುವಾರ ಬಂತೆಂದರೆ ಊರಾಚೆ ಬೀದಿನಾಯಿಗಳನ್ನು ಸಾಕುವ ಆಶ್ರಯಧಾಮಕ್ಕೆ ಹೋಗಿ ಅವುಗಳಿಗೆ ಮನೆ ಹುಡುಕುತ್ತೇನೆ. ಮುದ್ದಾದ ಮರಿಗಳಿಗೆ ಜನ ತಾವಾಗಿಯೇ ಬರುತ್ತಾರೆ. ನನ್ನ ಪಾಲಿಗೆ ಉಳಿಯುವುದು ಹೆಲ್ಮೆಟ್ ಕಂಡರೆ ಆಗದವು, ಸರಪಳಿ ಬಿಚ್ಚಿದ ಕೂಡಲೇ ಆಂಧ್ರದ ಗಡಿ ಮುಟ್ಟುವವು. ಅವುಗಳಲ್ಲೂ ಗುಂಡನದು ವಿಚಿತ್ರ ಕಾಯಿಲೆ. ಬಂದವರನ್ನು ಬಾಲ ಆಡಿಸಿ ಬರಮಾಡಿಕೊಳ್ಳುತ್ತಾನೆ, ಕಾಲ ಬಳಿಯೇ ಮಲಗುತ್ತಾನೆ. ಎದ್ದು ಹೊರಟಿರೋ, ಪ್ಯಾಂಟು ಹಿಡಿದ! ಪ್ಯಾಂಟಿನೊಳಗೆ ಕಾಲೂ ಇದೆ ಎನ್ನುವುದು ಅವನ ಗಮನಕ್ಕೇ ಬರುವುದಿಲ್ಲ. ಹಿಂದಿನ ಯಜಮಾನರು ಬಾಡಿಗೆ ಮನೆ ಖಾಲಿ ಮಾಡುವಾಗ ಇವನನ್ನು ಗೇಟಿಗೆ ಕಟ್ಟಿ ಟೆಂಪೋ ಹತ್ತಿಬಿಟ್ಟಿದ್ದರಂತೆ. ಅದನ್ನು ಕೇಳಿದ ಮೇಲೆ ನನಗೆ ಅವನ ಮೇಲೆ ಸಿಟ್ಟು ಬರಲೇ ಇಲ್ಲ. ಅಳು ಬಂತು.

ಮೂರು ಮನೆ ಹುಡುಕಿದೆ, ಮೂರರಿಂದಲೂ ವಾಪಸ್. ಸೋಂಪುರದಲ್ಲಿ ಫ್ಯಾಕ್ಟರಿ ಸೂಪರ್‌ವೈಸರೊಬ್ಬರ ಮಾವ ಹೊರಡುವಾಗ ಪಂಚೆ ಹೋಯಿತು. ರಾಜಘಟ್ಟದಲ್ಲಿ ಮದುವೆ ಕರೆಯಲು ಬಂದವರ ಹಿಮ್ಮಡಿ. ಮೂರನೆಯ ಮನೆಯ ಕಥೆ ಕೇಳಬೇಡಿ, ಅವರು ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮೂರೂ ಕಡೆ ಬಿಟ್ಟುಬರಲು ಹೋದವನು ನಾನೇ, ಮೊದಲು ಕಚ್ಚಿಸಿಕೊಂಡವನೂ ನಾನೇ. ಆಶ್ರಯಧಾಮದ ಡಾಕ್ಟರಮ್ಮ ಕೊನೆಗೆ ಹೇಳಿಬಿಟ್ಟರು: "ಇನ್ನೊಂದ್ ಸಲ ವಾಪಸ್ ಬಂದ್ರೆ ಹಿಂದ್ಗಡೆ ಗೂಡೇ ಗತಿ ಸಾರ್. ಇರೋವರೆಗೂ ಅಲ್ಲೇ. ಜನರ ಮಧ್ಯೆ ಬಿಡೋಕಾಗಲ್ಲ." ಆ ಗೂಡಿನಿಂದ ಕಾಣುವುದು ಒಂದು ಗೋಡೆ ಮಾತ್ರ. ಅವತ್ತು ಮನೆಗೆ ಬಂದು ನಾನು ಸರಿಯಾಗಿ ಊಟ ಮಾಡಲಿಲ್ಲ.

ಆಗ ಸಿಕ್ಕವರು ತೂಬಗೆರೆಯ ಜಯಮ್ಮ. ನಾಲ್ಕು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು, ಮಾತು ಖಡಕ್. "ಕಚ್ತೈತಾ?" ಎಂದು ಕೇಳಿದರು. ಹಿಂದಿನ ಮೂರು ಮನೆಗಳಲ್ಲಿ "ಸ್ವಲ್ಪ ತುಂಟ" ಎಂದಿದ್ದ ನಾನು ಈ ಸಲ "ಕಚ್ತಾನಮ್ಮ" ಎಂದೆ. "ಸರಿ, ಬಿಟ್ಟೋಗಿ. ಎರಡು ತಿಂಗಳು ನೋಡಾನ."

ಬಿಟ್ಟುಹೋಗುವುದು ಅಷ್ಟು ಸುಲಭವೇ? ನಮ್ಮ ಕಡೆ ಎದ್ದ ಎಂದರೆ ಹೊರಟ ಎಂದು ಅರ್ಥವಲ್ಲ. "ಬರ್ತೀನಿ" ಎಂದು ಎದ್ದೆ. ಜಯಮ್ಮನ ಯಜಮಾನರು "ಕೂತ್ಕಳಿ ಮೇಷ್ಟ್ರೇ, ಮಜ್ಜಿಗೆ ಕುಡ್ಕೊಂಡು ಹೋಗೀರಂತೆ" ಎಂದರು. ಕೂತೆ. ಮತ್ತೆ ಎದ್ದೆ, ಅವರ ಮಗನ ಮಾರ್ಕ್ಸು ವಿಚಾರ ಬಂತು, ಕೂತೆ. ಬಾಗಿಲ ತನಕ ಹೋದವನು ಗುಂಡನ ಔಷಧಿ ವಿಷಯ ನೆನಪಾಗಿ ವಾಪಸ್ ಬಂದೆ. ಈ ವಿದ್ಯೆಯಲ್ಲಿ ನಾನು ಪಳಗಿದವನು. ಯಾರ ಮನೆಗೆ ಹೋದರೂ ನನ್ನ ನಾಲ್ಕನೆಯ "ಬರ್ತೀನಿ" ಆಗುವವರೆಗೆ ನನ್ನ ಹೆಂಡತಿ ಚಪ್ಪಲಿಯನ್ನೇ ಮೆಟ್ಟುವುದಿಲ್ಲ. ಗುಂಡ ಒಂದೊಂದು ಸಲಕ್ಕೂ ಕಿವಿ ನಿಮಿರಿಸಿ, ನಡುಗಿ, ಗುರುಗುಟ್ಟಿ, ಕೊನೆಗೆ ನನ್ನ ಪ್ಯಾಂಟಿಗೆ ಬಾಯಿ ಹಾಕಿದ.

ಮುಗಿಯಿತು ಕಥೆ ಎಂದುಕೊಂಡೆ. ಅಷ್ಟರಲ್ಲಿ ಜಯಮ್ಮ ಏನೋ ಹೇಳುತ್ತಿದ್ದವರು ಮಾತನ್ನು ಅರ್ಧಕ್ಕೇ ಬಿಟ್ಟು, ಬಕೆಟ್ ಎತ್ತಿಕೊಂಡು ಹೊರಟೇಹೋದರು. ಗುಂಡ ತಿರುಗಿಯೂ ನೋಡಲಿಲ್ಲ! ಬಂದರು, ಮತ್ತೆ ಹೋದರು. ಅವನು ಆಕಳಿಸಿದ!

"ಮೇಷ್ಟ್ರೇ, ನಾಯಿ ಸರಿಯಾಗೇ ಐತೆ. ನೀವು ಎದ್ದು ಕೂತು, ಎದ್ದು ಕೂತು ಮಾಡಿದ್ರೆ ಅದು ಏನಂತ ತಿಳ್ಕಬೇಕು? ಬಿಟ್ಟೋದ್ರು, ಇಲ್ಲ ಬಂದ್ರು, ಅಯ್ಯೋ ಬಿಟ್ಟೋದ್ರು! ನನಗೇ ತಲೆ ಕೆಟ್ಟೋಯ್ತು. ಹೋಗೋರು ಹೋಗ್ತಾ ಇರ್ಬೇಕು" ಎಂದರು ಜಯಮ್ಮ.

ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಮೂರು ಮನೆಗಳಲ್ಲೂ ಮೊದಲ ದಿನವೇ ಗಂಟೆಗಟ್ಟಲೆ ವಿದಾಯ ಹೇಳಿ ಆ ಬಡಪಾಯಿಯ ಜೀವ ತಿಂದವನು ನಾನೇ! ಜಯಮ್ಮನ ಮನೆಯಲ್ಲಿ ಅಂದಿನಿಂದ ಒಂದೇ ಕಾನೂನು: ಬರುವಾಗ ಬೇಕಾದಷ್ಟು ಮಾತಾಡಿ, ಹೋಗುವಾಗ ಸುಮ್ಮನೆ ಹೋಗಿ. ನೆಂಟರಿಗೆ, ಪಶುವೈದ್ಯರಿಗೆ, ಓಟು ಕೇಳಲು ಬಂದವರಿಗೂ ಅದೇ. ಎರಡು ತಿಂಗಳಲ್ಲಿ ಒಂದು ಹಲ್ಲಿನ ಗುರುತೂ ಇಲ್ಲ. ನಿನ್ನೆ ಆಶ್ರಯಧಾಮದ ಫಾರಂ ತೆಗೆದುಕೊಂಡು ಹೋದೆ. "ಇನ್ಮೇಲೆ ಇವನು ನಮ್ಮೋನೇ" ಎಂದು ಜಯಮ್ಮ ಸಹಿ ಹಾಕಿಬಿಟ್ಟರು.

ಹೊರಡುವ ಹೊತ್ತಾಯಿತು. ಗುಂಡ ನನ್ನ ಕಾಲ ಬಳಿಯೇ ಮಲಗಿದ್ದ. ಕಾನೂನಿನಂತೆ ತುಟಿ ಬಿಚ್ಚದೆ ಎದ್ದೆ, ನಡೆದೆ, ಸ್ಕೂಟರ್ ಹತ್ತಿದೆ. ಯಾರೂ ಕೂತ್ಕಳಿ ಎನ್ನಲಿಲ್ಲ. ಗುಂಡ ತಲೆಯನ್ನೂ ಎತ್ತಲಿಲ್ಲ. ನಾನು ಬಯಸಿದ್ದು ಇದನ್ನೇ ತಾನೇ? ಆದರೂ ಗೇಟಿನ ಹತ್ತಿರ, ಪೆಟ್ರೋಲ್ ನೋಡುವವನ ಹಾಗೆ ಐದು ನಿಮಿಷ ನಿಂತೆ. ಯಾರೂ ಪ್ಯಾಂಟು ಹಿಡಿಯಲಿಲ್ಲ. ಮನೆ ಸೇರಿದವನೇ ತಡೆಯಲಾರದೆ ಜಯಮ್ಮನಿಗೆ ಫೋನ್ ಮಾಡಿದೆ: "ಅಮ್ಮಾ, ಹೇಳೋಕೇ ಆಗ್ಲಿಲ್ಲ, ಹೋಗ್ಬರ್ತೀನಿ. ಅಂದ ಹಾಗೆ, ಇನ್ನೊಂದು ಮಾತು..."

ಮಾತು ಮುಗಿಯುವ ಮೊದಲೇ ಅವರು ಫೋನ್ ಇಟ್ಟಿದ್ದರು.