ಶಾಲೆಯ ಗೇಟಿನಲ್ಲಿ ಗುಟ್ಟಿನ ಮಾತು

ಪೊಲೀಸರ ಜೊತೆ ಓಡಾಡಿದರೆ ಕಳ್ಳರು ಸಿಗುತ್ತಾರೋ ಇಲ್ಲವೋ, ನಗೆಪಾಟಲಂತೂ ವಾರಕ್ಕೊಂದು ಸಿಗುತ್ತದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ಮೊಮ್ಮಗಳ ಶಾಲೆಯ ಗೇಟಿನಲ್ಲಿ, ಪೊಲೀಸರ ಸ್ವಯಂಸೇವಕಿ. ಕಿತ್ತಳೆ ಬಣ್ಣದ ಜಾಕೆಟ್ ಕೊಡುವಾಗಲೇ ಮಹಿಳಾ ಕಾನ್‌ಸ್ಟೇಬಲ್ ಎಚ್ಚರಿಸಿದ್ದರು: "ಒಂದು ಮಗು ತಪ್ಪು ಕೈಗೆ ಹೋದರೂ ಜಾಕೆಟ್ ವಾಪಸ್, ಬೆನ್." ಬೆನ್ ಅಂದರೆ ಗುಜರಾತಿಯಲ್ಲಿ ಅಕ್ಕ. ಆ ಜಾಕೆಟ್ ಮೇಲೆ ನನಗೆ ಜೀವ. ಮೂವತ್ತು ವರ್ಷ ಕೌಂಟರಿನಲ್ಲಿ ಕೂತಾಗಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಬೇವಿನ ಮರದ ಮನುಷ್ಯ

ಜಾಕೆಟ್ ಸಿಗುವ ಮೊದಲೇ, ತರಬೇತಿಯ ವಾರದಲ್ಲಿ, ಒಬ್ಬ ಮನುಷ್ಯ ಮೂರು ದಿನ ಬೇವಿನ ಮರದಡಿ ನಿಂತು ಗೇಟಿನತ್ತಲೇ ನೋಡುತ್ತಿದ್ದ. ಕೊಡೆ ಅಡ್ಡ ಹಿಡಿದು ತಡೆದೆ. ಕಾನ್‌ಸ್ಟೇಬಲ್ ಓಡಿ ಬಂದವರೇ ಅವನಿಗೆ ಸಲ್ಯೂಟ್ ಹೊಡೆದರು. ಮಫ್ತಿಯಲ್ಲಿದ್ದ ಅವರ ಸಾಹೇಬರು!

"ಮಾತಾಜಿ, ಒಬ್ಬ ಹೆಂಗಸು ಮೂರು ದಿನದಿಂದ ಗೇಟನ್ನೇ ದಿಟ್ಟಿಸ್ತಿದ್ದಾಳೆ ಅಂತ ದೂರು ಬಂತು. ನಿಮ್ಮ ಮೇಲೇ ಕಣ್ಣಿಟ್ಟಿದ್ದೆ," ಅಂದರು.

ದಾಬೇಲಿ ಗಾಡಿಯ ಕಣ್ಣು

ಎದುರು ದಾಬೇಲಿ, ಅಂದರೆ ಆಲೂಗಡ್ಡೆ ಪಲ್ಯ ತುಂಬಿದ ಬನ್ನು, ಮಾರುವ ಗಾಡಿಯವನಿಗೂ ಹೊಸ ಮುಖ ಕಂಡರೆ ತಿಳಿಸಲು ಪೊಲೀಸರು ಹೇಳಿದ್ದರು. ಒಂದು ಮಧ್ಯಾಹ್ನ ಅವನು ಒಬ್ಬರನ್ನು ಹಿಡಿದೇಬಿಟ್ಟ. "ನಾನು ಇಲ್ಲಿ ಓದೋ ಹುಡುಗಿಯ ಅಪ್ಪ!" ಎಂದು ಅವರು ಕೂಗಾಡಿದರು. ಮಗುವನ್ನು ಕರೆಸಿದೆವು. ಶಾಲೆಯ ಕಡೆ ಎಂದೂ ತಲೆಹಾಕದ ಅಪ್ಪನನ್ನು ಅದೂ ಸ್ವಲ್ಪ ಹೊತ್ತು ನೋಡಿಯೇ ಹೌದು ಅಂದಿತು.

ಗುಟ್ಟಿನ ಮಾತು

ಮಗುವನ್ನು ಕರೆದೊಯ್ಯಲು ಬಂದವರು, ಯಾರೇ ಆಗಲಿ, ಮನೆಯವರು ಮಗುವಿಗೆ ಕಲಿಸಿಟ್ಟ ಗುಟ್ಟಿನ ಮಾತು ಹೇಳಬೇಕು ಎಂದು ಹೊಸ ನಿಯಮ ಬಂತು. ಗುಜರಾತಿನಲ್ಲಿ ಕನ್ನಡ ಯಾರಿಗೆ ಗೊತ್ತು ಎಂದು ನಾನು ಜಾಣತನದಿಂದ 'ಬಿಸಿಬೇಳೆಬಾತ್' ಎಂದಿಟ್ಟೆ. ಪರೀಕ್ಷೆಗೆಂದು ಕಾನ್‌ಸ್ಟೇಬಲ್ ನನ್ನ ಮೊಮ್ಮಗಳ ಹತ್ತಿರ ಕಳಿಸಿದ್ದು ಅದೇ ಶಾಲೆಯ ಇನ್ನೊಂದು ಮಗುವಿನ ಅಪ್ಪ, ಕನ್ನಡಿಗರೇ ಆದ ಒಬ್ಬ ರೈಲ್ವೆ ಅಧಿಕಾರಿಯನ್ನು. ಅವರು ತಮ್ಮ ಮನೆಯ ಗುಟ್ಟನ್ನೇ ಹೇಳಿ ನೋಡಿದರು. ಅದೂ ಬಿಸಿಬೇಳೆಬಾತ್! ಮೊಮ್ಮಗಳು ಅವರ ಕೈಹಿಡಿದು ಹೊರಟೇಬಿಟ್ಟಳು. ನಾನು ಓಡಿಹೋಗಿ ಅಡ್ಡ ನಿಂತೆ.

"ಅಜ್ಜಿ, ಅಂಕಲ್ ಕರೆಕ್ಟ್ ಹೇಳಿದ್ರಲ್ವಾ?" ಅಂದಳು.

ವಿಚಾರಿಸಿದರೆ ಶಾಲೆಯ ಐದೂ ಕನ್ನಡ ಮನೆಗಳದ್ದು ಅದೇ ಗುಟ್ಟು. ಕಾನ್‌ಸ್ಟೇಬಲ್ ಜಾಕೆಟ್‌ಗೆ ಕೈಚಾಚಿದರು. ಒಂದು ದಿನ ಗಡುವು ಬೇಡಿದೆ. ಯಾವ ಕನ್ನಡಿಗನ ತಲೆಗೂ ಹೊಳೆಯದ ಮಾತೊಂದನ್ನು ರಾತ್ರಿಯೇ ಹುಡುಕಿ ಮಗುವಿಗೆ ಬಾಯಿಪಾಠ ಮಾಡಿಸಿದೆ.

ಮರುದಿನ ರೈಲ್ವೆಯವರು ಚಿತ್ರಾನ್ನದಿಂದ ಹೋಳಿಗೆಯವರೆಗೆ ಎಲ್ಲ ಬಡಿಸಿದರೂ ಹುಡುಗಿ ಜಗ್ಗಲಿಲ್ಲ. ಕಾನ್‌ಸ್ಟೇಬಲ್ ಚಪ್ಪಾಳೆ ತಟ್ಟಿದರು. ಜಾಕೆಟ್ ಉಳಿಯಿತು! ಹಿಗ್ಗಿ ಹೀರೇಕಾಯಿಯಾಗಿ, "ಬಾ ಪುಟ್ಟಿ, ಮನೆಗೆ ಹೋಗೋಣ," ಅಂದೆ.

ಅವಳು ಎರಡೂ ಕೈ ಬೆನ್ನ ಹಿಂದಿಟ್ಟುಕೊಂಡಳು. "ಪಾಸ್‌ವರ್ಡ್?"

ತಲೆ ಕೆರೆದುಕೊಂಡೆ. ಕಣ್ಣು ಮುಚ್ಚಿ ಯೋಚಿಸಿದೆ. ಊಹೂಂ, ಆ ಮಾತು ನನ್ನ ತಲೆಗೂ ಹೊಳೆಯಲಿಲ್ಲ.

ಕಾನ್‌ಸ್ಟೇಬಲ್ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಜಾಕೆಟ್ ನಿಮ್ಮ ಹತ್ತಿರವೇ ಇರಲಿ, ಬೆನ್. ಮಗು ನಮ್ಮ ಹತ್ತಿರ ಇರಲಿ."